ಸೀಮೆಸುಣ್ಣದ ಗುರುತು

ಚನ್ನಪಟ್ಟಣದ ಬೊಂಬೆ ಕೆಲಸದವರಲ್ಲಿ ಕ್ಯಾಲಿಪರ್ ಹಿಡಿದು ಅಳೆಯುವವರನ್ನು ನಾನು ಹೆಚ್ಚು ಕಂಡಿಲ್ಲ. ಲೇತಿನ ಮೇಲೆ ಹಾಲೆಮರದ ತುಂಡು ತಿರುಗುತ್ತಿರುತ್ತದೆ, ಉಳಿ ತಾಗುತ್ತದೆ, ಸಿಪ್ಪೆ ಹಾರುತ್ತದೆ, ಕಣ್ಣು ಸಾಕು ಅಂದಾಗ ಕೈ ನಿಲ್ಲುತ್ತದೆ. ಹಾಗೆ ಕಡೆದ ಹದಿನಾರು ಚದುರಂಗದ ಪ್ಯಾದೆಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಎತ್ತರವಿಲ್ಲ, ಒಂದು ಗಿಡ್ಡವಿಲ್ಲ. ನನ್ನ ಗೆಳೆಯನ ಅಪ್ಪ ಹಾಗೆ ಕಡೆಯುತ್ತಿದ್ದರು, ಅಜ್ಜನೂ ಹಾಗೇ ಅಂತೆ. ಗೆಳೆಯ ಮಾತ್ರ ಒಂದೊಂದು ಪ್ಯಾದೆಗೂ ನಾಲ್ಕು ಸಲ ಲೇತು ನಿಲ್ಲಿಸಿ, ಮೊಳೆಗೆ ತಗುಲಿಹಾಕಿದ, ಇಕ್ಕಳದಂಥ ಹಿತ್ತಾಳೆಯ ಕ್ಯಾಲಿಪರ್ ತೆಗೆದು, ತಲೆ, ಕುತ್ತಿಗೆ, ಹೊಟ್ಟೆ, ಬುಡ ಎಲ್ಲ ಅಳೆದು, ಮತ್ತೆ ಮೊಳೆಗೆ ಹಾಕಿ, ಮತ್ತೆ ಲೇತು ತಿರುಗಿಸುತ್ತಿದ್ದ. ಪಕ್ಕದ ಅಂಗಡಿಯವರು ಹತ್ತು ಮಾಡುವ ಹೊತ್ತಿಗೆ ಇವನದು ನಾಲ್ಕು. ಬೀದಿಯವರು ಅವನಿಗೆ ‘ಇಂಜಿನಿಯರ್ ಸಾಬ್’ ಅಂತ ಹೆಸರಿಟ್ಟಿದ್ದರು. ನಾನೂ ಹಾಗೆ ಕರೆದು ನಕ್ಕಿದ್ದೇನೆ. ನಗುವಾಗೆಲ್ಲ ಒಳಗೆ ಚುರುಕ್ ಅನ್ನುತ್ತಿತ್ತು.

ಯಾಕೆಂದರೆ ಆ ಕ್ಯಾಲಿಪರ್ ಅವನ ಕೈಗೆ ಬಂದದ್ದು ನನ್ನಿಂದ. ನಾನು ಕೊಡಿಸಿದ್ದಲ್ಲ, ಅವನು ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದವನು ನಾನು. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂವತ್ತು ವರ್ಷ ಅವನ ಮನೆಯ ಟೀ ಕುಡಿದುಕೊಂಡು ಸುಮ್ಮನೆ ಕೂತಿದ್ದೆ. ನನ್ನ ಬಗ್ಗೆ ನಾನೇ ಒಳ್ಳೆಯ ಮಾತು ಬರೆದುಕೊಳ್ಳುವ ವಯಸ್ಸು ದಾಟಿತು, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆಯವನು. ಕುರಿ ಸಾಕುವ ಮನೆ. ನಾನು ಕಂಡ ದೊಡ್ಡ ನೀರು ಅಂದರೆ ಊರ ಕೆರೆ, ಅದೂ ಮಳೆ ಮನಸ್ಸು ಮಾಡಿದ ವರ್ಷ ಮಾತ್ರ. ಅಪ್ಪ ಕಂಬಳಿ ಮಾರಲು ಚನ್ನಪಟ್ಟಣಕ್ಕೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಕಂಬಳಿ ಗಂಟು ಇಳಿಸುತ್ತಿದ್ದದ್ದು ಒಬ್ಬ ಬೊಂಬೆ ಸಾಹೇಬರ ಜಗುಲಿಯ ಮೇಲೆ. ಆ ಮನೆಯ ಮಗನೇ ಈ ಗೆಳೆಯ, ನನ್ನ ವಯಸ್ಸಿನವನು. ಅವನ ಸೋದರಮಾವ ಬಾಂಬೆಯಲ್ಲಿ ಸರಕು ಹಡಗಿನ ಭಂಡಾರಿ, ಅಂದರೆ ಅಡುಗೆಯವನು. ಒಂದು ಸಲ ರಜೆಗೆ ಬಂದವರು ನಮ್ಮಿಬ್ಬರ ಮೈಕಟ್ಟು ನೋಡಿ, ‘ಬರ್ತೀರೇನ್ರೋ, ಸೇರಿಸ್ತೀನಿ’ ಅಂದರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಮ್ಮ ದೇಶದ ಕಂಪನಿಗಳು ಒಂದೊಂದಾಗಿ ಹಡಗು ಕೊಳ್ಳುತ್ತಿದ್ದವು, ಆಳು ಬೇಕಿತ್ತು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ. “ನೀರು ಕಂಡ್ರೆ ಕುರಿಗಿಂತ ಮುಂಚೆ ಹಿಂದಕ್ಕೆ ಎಗರ್ತೀಯ. ನೀನ್ಯಾಕ್ಲಾ ಸಮುದ್ರಕ್ಕೆ?” ಕರಿ ಕಂಬಳಿಯೊಂದನ್ನು ಮಡಚಿ ಕೊಟ್ಟು ಕಳಿಸಿದಳು. ಹಡಗಿನಲ್ಲಿ ಅದನ್ನು ನೋಡಿ ಮೊದಲು ಎಲ್ಲರೂ ನಕ್ಕರು. ಚಳಿ ಸಮುದ್ರಕ್ಕೆ ಹೋದ ಮೇಲೆ, ‘ಒಸಿ ಹೊತ್ತು ಕೊಡಪ್ಪ’ ಅಂತ ಸಾಲು ನಿಂತರು.

ಈಗ ಆ ಹಡಗುಗಳ ಮಾತು. ನನ್ನ ಗೆಳೆಯನ ಅಂಗಡಿಯಲ್ಲಿ ನಾವು ಮೂವರು ಮುದುಕರು ಸೇರಿದರೆ ಅದೇ ಮಾತು. ಮೂರನೆಯವನು ಕನಕಪುರದವನು. ಇಂಜಿನ್ ಕೋಣೆಯಲ್ಲಿ ಎಣ್ಣೆ ಬಿಡುವ ಕೆಲಸ ಮಾಡಿ ರಿಟೈರಾಗಿ, ಈಗ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳು ಸಾಕುತ್ತಿದ್ದ. ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿದ ದಿನ ಹಾಗೇ ರೈಲು ಹತ್ತಿ ಚನ್ನಪಟ್ಟಣಕ್ಕೆ ಬಂದುಬಿಡುತ್ತಿದ್ದ. ನಾನು ಮಾಗಡಿಯಿಂದ ಬಸ್ಸಿನಲ್ಲಿ ರಾಮನಗರಕ್ಕೆ ಬಂದು ಅವನನ್ನು ಕೂಡಿಕೊಳ್ಳುತ್ತಿದ್ದೆ. ಅವನು ನಮ್ಮ ಹಡಗಿನಲ್ಲಿ ಇದ್ದವನಲ್ಲ. ಆದರೆ ಅವನ ಹಡಗಿಗೂ ನಮ್ಮ ಹಡಗಿಗೂ ಬಣ್ಣ ಬಿಟ್ಟರೆ ವ್ಯತ್ಯಾಸವಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳು ಮುಳುಗಿಸುವುದಕ್ಕಿಂತ ಬೇಗ ಕಟ್ಟಬೇಕು ಅಂತ ಅಮೆರಿಕದವರು ಒಂದೇ ನಕ್ಷೆಗೆ ಸಾವಿರಾರು ಹಡಗು ಕಟ್ಟಿ ನೀರಿಗೆ ತಳ್ಳಿದ್ದರು. ಯುದ್ಧ ಮುಗಿದ ಮೇಲೆ ಅವು ದೇಶದೇಶಕ್ಕೆ ಮಾರಾಟವಾದವು. ಒಂದರಲ್ಲಿ ಆರು ತಿಂಗಳು ಇದ್ದವನು ಇನ್ನೊಂದಕ್ಕೆ ಹೋದರೆ ಕಣ್ಣು ಮುಚ್ಚಿಕೊಂಡು ಅಡುಗೆಮನೆ ಹುಡುಕಬಹುದಿತ್ತು.

“ಏನೇ ಹೇಳು, ಇಂಜಿನ್ ಮಾತ್ರ ಬಂಗಾರ ಕಣ್ಲಾ” ಅನ್ನುತ್ತಿದ್ದ ಕನಕಪುರದವನು. “ಮೂರು ಸಿಲಿಂಡರು, ಹಳೇ ಕಾಲದ್ದು. ಎತ್ತಿನಂಗೆ. ಜೋರಾಗಿ ಓಡಕ್ಕಿಲ್ಲ, ನಿಲ್ಲಾಕೂ ಇಲ್ಲ.”

“ಇಂಜಿನ್ ಬಂಗಾರ, ಮೈ ತಗಡು” ಅನ್ನುತ್ತಿದ್ದ ನನ್ನ ಗೆಳೆಯ. “ರಿವೆಟ್ ಹೊಡೆದಿದ್ರೆ ಒಂದು ಹಲಗೆ ಸೀಳಿದ್ರೂ ಆ ಹಲಗೆಗೇ ನಿಲ್ತಿತ್ತು. ಇದು ಎಲ್ಲಾ ವೆಲ್ಡಿಂಗು. ಒಂದೇ ತುಂಡು. ಸೀಳಿದ್ರೆ ಎಲ್ಲಿಗಂಟ ಹೋಗ್ತದೋ ಖುದಾಗೇ ಗೊತ್ತು.”

ಆ ಮಾತು ನಿಜ. ನಮ್ಮ ಹಡಗಿನ ಮೂತಿಯ ಮೇಲೆ ನಮ್ಮ ಕಂಪನಿಯವರು ಬರೆಸಿದ ಹೆಸರಿನ ಕೆಳಗೆ ಹಳೆಯ ಅಮೆರಿಕದ ಹೆಸರು ವೆಲ್ಡಿಂಗಿನ ಗೆರೆಯಲ್ಲಿ ಉಬ್ಬಿಕೊಂಡು ಹಾಗೇ ಇತ್ತು. ಎಷ್ಟು ಬಣ್ಣ ಬಳಿದರೂ ಸಂಜೆ ಬಿಸಿಲಿಗೆ ಎದ್ದು ಕಾಣುತ್ತಿತ್ತು. ತೂಗುಹಲಗೆಯಲ್ಲಿ ಕೂತು ಅದಕ್ಕೆ ಬಣ್ಣ ಬಳಿಯುವಾಗ ನಾನು ಬೆರಳಿನಿಂದ ಅಕ್ಷರ ಸವರಿ ನೋಡುತ್ತಿದ್ದೆ. ವೆಲ್ಡಿಂಗ್ ಮಾಡಿದವರಲ್ಲಿ ಹೆಂಗಸರೂ ಇದ್ದರಂತೆ, ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಲ್ಲ. ಯಾವ ತಾಯಿ ಎಷ್ಟು ಅವಸರದಲ್ಲಿ ಬರೆದಳೋ ಆ ಅಕ್ಷರ.

ಅಮೆರಿಕದಿಂದ ಗೋಧಿ ತುಂಬಿಕೊಂಡು ಬಾಂಬೆಗೆ ಬರುತ್ತಿದ್ದ ಒಂದು ಚಳಿಗಾಲ. ಬೆಳಿಗ್ಗೆ ನಾವು ತಿಂಡಿ ತಿನ್ನುತ್ತಿದ್ದಾಗ ಢಂ ಅಂತ ಸದ್ದಾಯಿತು. ಬಂದೂಕು ಹೊಡೆದ ಹಾಗೆ ಒಂದೇ ಸದ್ದು. ಮೇಲೆ ಹೋಗಿ ಹುಡುಕಿದರೆ, ಮೂರನೇ ಹ್ಯಾಚಿನ, ಅಂದರೆ ಸರಕು ಇಳಿಸುವ ಚೌಕದ ಬಾಯಿಯ, ಒಂದು ಮೂಲೆಯಿಂದ ಡೆಕ್ಕಿನ ಉಕ್ಕು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಡೆಕ್ಕಿನ ಮೇಸ್ತ್ರಿಯನ್ನು ನಾವು ಸೆರಾಂಗ್ ಅನ್ನುತ್ತಿದ್ದೆವು. ಅವನು ಕೂತು ಗೇಣು ಹಾಕಿದ. ಸರಿಯಾಗಿ ಒಂದು ಗೇಣು.

ಮೇಟ್ ಸಾಹೇಬ, ಕ್ಯಾಪ್ಟನ್ನಿಗೆ ಎರಡನೆಯವನು, ಸಿಟ್ಟಿನ ಮನುಷ್ಯ. ಕೆಲಸ ಗೊತ್ತಿದ್ದವನು. ಬಿರುಕಿನ ತುದಿಯಲ್ಲಿ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದ. ದಿನಕ್ಕೆ ಎರಡು ಸಲ ನೋಡಿ ಹೇಳಬೇಕು, ಗೆರೆ ದಾಟಿದರೆ ತುದಿಯಲ್ಲಿ ತೂತು ಕೊರೆದು ನಿಲ್ಲಿಸೋಣ, ಹಡಗಿನ ದಾರಿ ಬದಲಿಸೋಣ ಅಂದ. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ನನ್ನ ಗೆಳೆಯನದು. ಹ್ಯಾಚಿನ ಟಾರ್ಪಾಲನ್ನು ಎಳೆದು ಬಿಗಿದ ಮೇಲೆ ಬಿರುಕು ಹುಟ್ಟಿದ ಮೂಲೆ ಅದರಡಿ ಮುಚ್ಚಿಹೋಯಿತು. ಹೊರಗೆ ಕಾಣುತ್ತಿದ್ದದ್ದು ತುದಿ ಮತ್ತು ಗೆರೆ ಮಾತ್ರ.

ಮಾರನೆಯ ಬೆಳಿಗ್ಗೆ ನಾನು ಹಗ್ಗ ಹಿಡಿದುಕೊಂಡು ಹೋಗಿ ನೋಡಿದೆ. ರಾತ್ರಿಯೆಲ್ಲ ಅಲೆ ಡೆಕ್ಕಿನ ಮೇಲೆ ಹಾದು ಗೆರೆ ತೊಳೆದುಹೋಗಿತ್ತು. ಇಲ್ಲಿ ಕುರಿಯ ಮಾತು ಹೇಳಬೇಕು. ನಮ್ಮ ಕಡೆ ಕುರಿಗೆ ಕೆಮ್ಮಣ್ಣಿನಲ್ಲಿ ಗುರುತು ಹಾಕುತ್ತಾರೆ. ಎರಡು ಮಂದೆ ಕೂಡಿಕೊಂಡರೆ ನಮ್ಮದು ಯಾವುದು, ಅವರದು ಯಾವುದು ಅಂತ ತಿಳಿಯಲಿ ಅಂತ. ಮಳೆ ಬಂದು ಗುರುತು ತೊಳೆದುಹೋದರೆ ಮರುದಿನ ಮೊದಲ ಕೆಲಸವೇ ಮತ್ತೆ ಹಚ್ಚುವುದು. ಹಚ್ಚದಿದ್ದರೆ ಅಪ್ಪನ ಕೈಯಲ್ಲಿ ಬಾರುಕೋಲು. ಎಂಟು ವರ್ಷದಿಂದ ಹದಿನೆಂಟರವರೆಗೆ ನನ್ನ ಮೈಗೆ ಹತ್ತಿದ್ದು ಅದೇ: ಗುರುತು ಹೋದರೆ ಗುರುತು ಹಾಕು. ನಾನು ಜೇಬಿನಿಂದ ಸೀಮೆಸುಣ್ಣ ತೆಗೆದೆ. ಬಿರುಕಿನ ತುದಿ ಎಲ್ಲಿದೆಯೋ ಹುಡುಕಿದೆ. ಅಲ್ಲಿ ಹೊಸ ಗೆರೆ, ದಪ್ಪನಾಗಿ, ಚೆನ್ನಾಗಿ ಎಳೆದೆ. ಒಳ್ಳೆಯ ಕೆಲಸ ಮಾಡಿದೆ ಅಂತ ಸಂತೋಷವೂ ಆಯಿತು.

ದಿನಾ ಹಾಗೇ ಮಾಡಿದೆ. ಗೆರೆಯ ಕೆಲಸ ಬಿರುಕಿನ ಜೊತೆ ನಡೆಯುವುದಲ್ಲ, ಮೊದಲು ನಿಂತ ಕಡೆಯೇ ನಿಲ್ಲುವುದು ಅನ್ನುವುದು ಈ ಕುರಿತಲೆಗೆ ಹೊಳೆಯಲಿಲ್ಲ.

ಗೆಳೆಯ ಬೊಂಬೆಯವರ ಮನೆಯವನು. ಅವರು ಮರವನ್ನು ಲೇತಿಗೆ ಹಾಕುವ ಮುಂಚೆ ಬಿರುಕು ನೋಡುತ್ತಾರೆ. ಬಿರುಕಿನ ತುಂಡು ತಿರುಗುವಾಗ ಸಿಡಿದರೆ ನೆಟ್ಟಗೆ ಮುಖಕ್ಕೆ. ಮೂರನೇ ದಿನ ಅವನು ಮಧ್ಯಾಹ್ನ ನೋಡಿ ಬಂದವನು ಸೆರಾಂಗಿಗೆ ಹೇಳಿದ, ಬಿರುಕು ಬೆಳೆದಿದೆ ಅಂತ. ಸೆರಾಂಗ್ ಹೋಗಿ ನೋಡಿದ. ತುದಿ ಗೆರೆಗೆ ಸರಿಯಾಗಿ ನಿಂತಿದೆ. ಬೈದು ಕಳಿಸಿದ. ಐದನೇ ದಿನ ಅವನು ನೇರ ಮೇಟ್ ಸಾಹೇಬನ ಮುಂದೆ ನಿಂತ.

“ನಿಶಾನ್ ದಾಟೈತೆ ಸಾಬ್”, ಬಿರುಕು ಗುರುತು ದಾಟಿದೆ ಅಂತ ಅವನು ನಮ್ಮ ಕನ್ನಡದಲ್ಲೇ ಶುರುಮಾಡಿ, ಆಮೇಲೆ ಹಿಂದಿಗೆ ತಿರುಗಿದನಂತೆ. ಮೇಟ್ ಬಂದು ನೋಡಿದ. ತುದಿ, ಗೆರೆ, ಎರಡೂ ಒಂದೇ ಕಡೆ. “ಎಲ್ಲಿ ದಾಟಿದೆ?” ಅಂದ. ಇವನು ಪಕ್ಕದ ತುಕ್ಕಿನ ಕಲೆ ತೋರಿಸಿ, ಮೊದಲು ಗೆರೆ ಇದರ ಆಚೆ ಇತ್ತು, ಈಗ ಈಚೆ ಇದೆ ಅಂದ. ಮೇಟ್ ನನ್ನನ್ನು ಕರೆಸಿದ. ಬೆಳಿಗ್ಗೆ ನೋಡಿದಾಗ ಬಿರುಕಿನ ತುದಿ ಗುರುತಿನಲ್ಲೇ ಇತ್ತಾ ಅಂತ ಕೇಳಿದ. ಇತ್ತು ಸಾಬ್ ಅಂದೆ. ಸತ್ಯವನ್ನೇ ಹೇಳಿದೆ. ಗೆಳೆಯ ನನ್ನ ಮುಖ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿ ಇತ್ತು. ಹಡಗಿನಲ್ಲಿ ಬೇರೆ ಯಾರು ಅಂದಿದ್ದರೂ ಅವನು ನಂಬುತ್ತಿರಲಿಲ್ಲ. ನಾನು ಅಂದದ್ದರಿಂದ ನಂಬಿದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವನ ಕಣ್ಣು ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಬಾಯಿತಪ್ಪಿ ಆಡಿದ ಮಾತು ಖಲಾಸಿಗಳ ನಡುವೆ ಹಬ್ಬಿತು. ನಾಲ್ಕು ಜನ ಲೈಫ್ ಜಾಕೆಟ್ ಹಾಕಿಕೊಂಡೇ ಮಲಗಿದರು, ಇಬ್ಬರು ಮುಂದಿನ ಹೋಲ್ಡಿಗೆ, ಸರಕು ತುಂಬುವ ಹಡಗಿನ ಹೊಟ್ಟೆಗೆ, ಇಳಿಯುವುದಿಲ್ಲ ಅಂತ ಕೂತರು. ಮೇಟಿಗೆ ಕೆಂಡದಂಥ ಕೋಪ ಬಂತು. ಜನರನ್ನು ಎತ್ತಿಕಟ್ಟುತ್ತಿದ್ದಾನೆ ಅಂತ ಇವನನ್ನು ಕೆಲಸದಿಂದ ತೆಗೆದು ಕೂರಿಸಿದ. ದೇವರ ದಯೆ, ಆ ಉಕ್ಕು ಚಳಿಗೇ ಸೀಳುವಂಥದ್ದು, ಅರಬ್ಬಿ ಸಮುದ್ರದ ಬೆಚ್ಚಗಿನ ನೀರಿಗೆ ಬಂದ ಮೇಲೆ ಬಿರುಕು ತಾನೇ ನಿಂತಿರಬೇಕು. ಹಡಗು ಬಾಂಬೆ ಮುಟ್ಟಿತು.

ಆಗ ನಮ್ಮ ಕೈಯಲ್ಲೊಂದು ಡಿಸ್ಚಾರ್ಜ್ ಬುಕ್ಕು ಇರುತ್ತಿತ್ತು. ಪ್ರತಿ ಪ್ರಯಾಣ ಮುಗಿದಾಗ ಅದರಲ್ಲಿ ಎರಡು ಮುದ್ರೆ: ಕೆಲಸಕ್ಕೊಂದು, ನಡತೆಗೊಂದು. ಎರಡೂ ‘ವೆರಿ ಗುಡ್’ ಇದ್ದರೆ ಮುಂದಿನ ಹಡಗು. ಹಾಗೆ ಬರೆಯಲು ಮನಸ್ಸಿಲ್ಲದಿದ್ದರೆ ‘ವರದಿ ಕೊಡಲು ಇಷ್ಟವಿಲ್ಲ’ ಅಂತ ಬರೆಯುತ್ತಿದ್ದರು. ಬೈಗುಳವಿಲ್ಲ, ಆರೋಪವಿಲ್ಲ, ಬಹಳ ಮರ್ಯಾದೆಯ ಮಾತು. ಆದರೆ ಆ ಮಾತಿರುವ ಬುಕ್ಕನ್ನು ನೋಡಿ ಯಾವ ಹಡಗಿನವನೂ ಒಳಗೆ ಬಿಡುತ್ತಿರಲಿಲ್ಲ.

ನನ್ನ ಗೆಳೆಯನನ್ನು ಬೆಳಿಗ್ಗೆಯೇ ಇಳಿಸಿ ಕಚೇರಿಗೆ ಕಳಿಸಿದರು. ನಾವು ಹ್ಯಾಚಿನ ಟಾರ್ಪಾಲು ಎಳೆದೆವು. ಸೆರಾಂಗ್ ಮೂಲೆಯಲ್ಲಿ ಕೂತು ಗೇಣು ಹಾಕಿದ. ಒಂದು ಗೇಣು. ಎರಡು. ಎರಡೂವರೆ. ಅವನು ನನ್ನ ಕಡೆ ನೋಡಲಿಲ್ಲ, ಎದ್ದು ಕೈ ಒರೆಸಿಕೊಂಡು ಹೊರಟುಹೋದ. ನನಗೆ ಆಗ ಅರ್ಥವಾಯಿತು. ಅಲ್ಲಿಯವರೆಗೆ ನಾನು ಮಾಡಿದ್ದು ದಡ್ಡತನ. ಅದಕ್ಕೆ ಕ್ಷಮೆ ಉಂಟು. ಬುಕ್ಕಿಗೆ ಮುದ್ರೆ ಬೀಳುವುದು ಮಧ್ಯಾಹ್ನ ಅಂತ ನನಗೆ ಗೊತ್ತಿತ್ತು. ಮೇಟಿನ ಕೋಣೆ ಹದಿನೈದು ಮೆಟ್ಟಿಲ ಮೇಲಿತ್ತು. ಹೋಗಿ, ‘ಸಾಬ್, ಗೆರೆ ಸರಿಸಿದವನು ನಾನು’ ಅಂದಿದ್ದರೆ ಮುಗಿಯುತ್ತಿತ್ತು. ಅವನ ಬುಕ್ಕು ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ನಾನು ಹೋಗಲಿಲ್ಲ. ಟಾರ್ಪಾಲು ಮಡಚಿದೆ, ಗೋಧಿ ಮೂಟೆ ಇಳಿಸುವವರಿಗೆ ದಾರಿ ಬಿಟ್ಟೆ, ಮಧ್ಯಾಹ್ನ ಊಟ ಮಾಡಿದೆ. ಅನ್ನ ಗಂಟಲಲ್ಲಿ ಇಳಿಯಿತು ಕೂಡ.

‘ವರದಿ ಕೊಡಲು ಇಷ್ಟವಿಲ್ಲ’ ಅಂತ ಬರೆದ ಬುಕ್ಕು ಹಿಡಿದು ಅವನು ಊರಿಗೆ ವಾಪಸು ಹೋದ. ನಾನು ಇನ್ನೂ ಇಪ್ಪತ್ತು ವರ್ಷ ಹಡಗಿನಲ್ಲಿದ್ದೆ. ಮೊದಲ ರಜೆಯಲ್ಲಿ ಬಂದು ನೋಡಿದರೆ ಲೇತಿನ ಪಕ್ಕದ ಮೊಳೆಯಲ್ಲಿ ಕ್ಯಾಲಿಪರ್ ತೂಗುತ್ತಿತ್ತು. ಬಾಂಬೆಯ ಹಳೇ ಸಾಮಾನಿನ ಬೀದಿಯಲ್ಲಿ, ರೈಲು ಹತ್ತುವ ಮುಂಚೆ ಕೊಂಡದ್ದಂತೆ. “ನನ್ನ ಕಣ್ಣು ಸುಳ್ಳು ಹೇಳ್ತದೆ ದೋಸ್ತ್” ಅಂದ, ಹವಾಮಾನದ ಮಾತಾಡುವ ಹಾಗೆ. “ಇಷ್ಟು ದಿನ ಗೊತ್ತಿರಲಿಲ್ಲ, ಅಷ್ಟೇ.”

ಇದಾಗಿ ವರ್ಷಗಳು ಉರುಳಿದವು. ನಾನು ಮದುವೆಯಾದೆ, ಹಡಗು ಬಿಟ್ಟು ಬಂದೆ, ಅಪ್ಪನ ಜಮೀನಿನಲ್ಲಿ ನಾಲ್ಕು ತೆಂಗಿನ ಸಸಿ ನೆಟ್ಟೆ. ಆ ಕಾಲದ ಹಡಗುಗಳೆಲ್ಲ ಗುಜರಿಗೆ ಹೋದವು. ಒಡೆಯುವಾಗಲೂ ಹಳೆ ಹೆಸರು ಮೂತಿಯ ಮೇಲೆ ಉಬ್ಬಿಕೊಂಡೇ ಇತ್ತೋ ಏನೋ. ನಾವು ಮೂವರು ಸೇರುವುದು ಮಾತ್ರ ತಪ್ಪಲಿಲ್ಲ. ಸೇರಿದಾಗ ಕನಕಪುರದವನು ಒಂದಲ್ಲ ಒಂದು ಸಲ ಬಿರುಕಿನ ಮಾತು ತೆಗೆಯುತ್ತಿದ್ದ. “ನಮ್ಮ ಹಡಗಲ್ಲೂ ಬಿಟ್ಟಿತ್ತು ಕಣ್ರಲಾ. ನಮ್ಮ ಮೇಟು ಸೀಮೆಸುಣ್ಣ ಹಾಕ್ಲಿಲ್ಲ, ಉಳಿಲಿ ಏಟು ಹಾಕಿ ಗುರುತು ಮಾಡ್ಸಿದ್ದ. ಸುಣ್ಣ ಅಳಿಸೋಗ್ತದೆ, ಯಾವನಾರ ಬೆಪ್ಪ ಮತ್ತೆ ಬರೆದುಬುಟ್ರೆ?” ಅಂತ ನಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹಾಗೆ ಎದ್ದು ಟೀ ತರಲು ಹೋಗುತ್ತಿದ್ದೆ.

ಒಂದು ವರ್ಷ ಗೆಳೆಯ ನಮ್ಮ ಹಡಗಿನ ಬೊಂಬೆ ಮಾಡಲು ಕೂತ. ಮಾರುವುದಕ್ಕಲ್ಲ, ನಮ್ಮ ಮೂವರಿಗಾಗಿ. ಲೇತಿನಲ್ಲಿ ದುಂಡನೆಯದು ಮಾತ್ರ ಬರುತ್ತದೆ. ಹೊಗೆಕೊಳವೆ, ಕಂಬಗಳು, ಸರಕು ಎತ್ತುವ ತೋಳುಗಳು, ಗಾಳಿ ತಗೊಳ್ಳುವ ಕೊಂಬುಗಳು ಎಲ್ಲ ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಮಿರಿಮಿರಿ ಮಾಡಿಟ್ಟ. ಮೈಯನ್ನು ಕೈಯಲ್ಲೇ ಕೆತ್ತಬೇಕಾಯಿತು. ಮೊಳದುದ್ದದ ಹಡಗು. ಪ್ರತಿ ತುಂಡಿಗೂ ಕ್ಯಾಲಿಪರ್. ಡೆಕ್ಕಿಗೆ ಬಂದಾಗ ನನ್ನನ್ನು ಕೇಳಿದ. “ಬಿರುಕು ಕೆತ್ತಬೇಕು. ಕೊನೇ ದಿನ ಎಲ್ಲಿಗಂಟ ಇತ್ತು? ನೀನೇ ನೋಡ್ತಿದ್ದೋನು.”

“ಹೆಚ್ಚು ಕಮ್ಮಿ ಅಲ್ಲೇ ಇತ್ತು” ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಿಜದ ಅಳತೆಗೆ ಹಾಕಿದರೆ ಕಣ್ಣಿಗೇ ಕಾಣದು ಅಂತ, ಅವನು ಗೇಣಿಗೆ ಒಂದು ಬೆರಳಗಲ ಲೆಕ್ಕ ಹಿಡಿದು ಒಂದು ಗೇಣಿನ ಸಣ್ಣ ಗೀರು ಹಾಕಿ ಬಿಟ್ಟ.

ಅದೇ ವರ್ಷ ಅವನ ಕಣ್ಣಿಗೆ ಪೊರೆ ಬಂತು. ಕ್ಯಾಲಿಪರಿನ ಎರಡು ತುದಿಯೇ ಕಾಣದ ಹಾಗಾಯಿತು. ಅವನ ಹೆಂಡತಿ ಬಾಗಿಲ ಪರದೆಯ ಹಿಂದೆ ನಿಂತು ನನಗೆ ಹೇಳಿದರು. “ಅಣ್ಣಾ, ನೀವಾರ ಒಸಿ ಬುದ್ಧಿ ಹೇಳಿ. ಡಾಕ್ಟ್ರು ಎರಡು ಸಲ ಚೀಟಿ ಬರ್ಕೊಟ್ಟವ್ರೆ, ಆಪರೇಷನ್ ಮಾಡಿದ್ರೆ ಬತ್ತದೆ ಅಂತ. ಬ್ಯಾಡ ಅಂತ ಕೂತವ್ರೆ. ನನ್ನ ಮಾತೇ ಕೇಳಾಕಿಲ್ಲ.”

ನಾನು ಅವನನ್ನೇ ಕೇಳಿದೆ, ಯಾಕೆ ಬೇಡ ಅಂತ. ಭಯವೇ?

“ಭಯ ಏನ್ಲಾ? ಹುಟ್ಟಿದಾಗ್ನಿಂದ ಸರಿ ಇಲ್ದಿರೋ ಕಣ್ಣು ಇದು” ಅಂದ. “ಹಡಗಲ್ಲಿ ಮರ್ಯಾದೆ ತೆಗೀತು. ನಮ್ಮಪ್ಪ ಸಾಯೋಗಂಟ ಕೇಳಿದ್ರು, ಯಾಕಪ್ಪ ಅಳೀತೀಯ, ನನ್ನ ಕಣ್ಣು ನಿನಗೆ ಬರಲಿಲ್ವಾ ಅಂತ. ಬರಲಿಲ್ಲ. ಪೊರೆ ತೆಗೆದ್ರೆ ಒಳಗಿರೋದು ಅದೇ ಕಣ್ಣು ತಾನೆ? ಅದನ್ನ ಕುಯ್ಸಿ ಏನು ಮಾಡ್ಲಿ?”

ನಾನು ಅವನ ಬುಕ್ಕು ಹಾಳುಮಾಡಿದ್ದೇನೆ, ಹಡಗು ತಪ್ಪಿಸಿದ್ದೇನೆ ಅಂತಷ್ಟೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಪ್ಪನ ಕಣ್ಣು ತನಗೆ ಬರಲಿಲ್ಲ ಅಂತ ಅವನು ಆ ಹಿರಿಯರಿಗೆ ಒಪ್ಪಿಕೊಂಡು, ಹಾಗೇ ಅವರನ್ನು ಮಣ್ಣು ಮಾಡಿ ಬಂದಿದ್ದ. ಆ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಹೇಳಿದರೆ ಗೆಳೆತನ ಹೋಗುತ್ತದೆ, ಹೇಳದಿದ್ದರೆ ಅವನು ಕುರುಡನಾಗುತ್ತಾನೆ. ಇಷ್ಟು ಸುಲಭದ ಲೆಕ್ಕಕ್ಕೂ ನಾನು ಒಂದು ವಾರ ತೆಗೆದುಕೊಂಡೆ.

ಮುಂದಿನ ವಾರ ಕನಕಪುರದವನಿಗೆ ಹೇಳದೆ ಒಬ್ಬನೇ ಹೋದೆ. ಬೆಳಗಿನ ಹತ್ತು ಗಂಟೆ. ಅವನು ಲೇತಿನ ಮುಂದೆ ಸುಮ್ಮನೆ ಕೂತಿದ್ದ. ನಾನು ಹೇಳಿದೆ. ಕುರಿಯಿಂದ ಶುರುಮಾಡಿ, ಮಳೆ, ಕೆಮ್ಮಣ್ಣು, ಅಲೆ, ಸೀಮೆಸುಣ್ಣ, ಸೆರಾಂಗ್ ಹಾಕಿದ ಎರಡೂವರೆ ಗೇಣು, ಹದಿನೈದು ಮೆಟ್ಟಿಲು, ಮಧ್ಯಾಹ್ನದ ಊಟ. ಏನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತೆ. ಅಳುವುದು ನನ್ನ ಹಕ್ಕಲ್ಲ ಅಂತ ಗೊತ್ತಿದ್ದೂ ಅತ್ತೆ.

ಅವನು ಕೇಳಿದ್ದು ಎರಡೇ ಪ್ರಶ್ನೆ.

“ಎಷ್ಟು ದಿನ ಬರೆದೆ?”

“ದಿನಾ. ಬಾಂಬೆ ಬರೋಗಂಟ.”

“ಹಂಗಾದ್ರೆ ಆವತ್ತು ನಾನು ನೋಡಿದ್ದು?”

“ಸರಿಯಾಗೇ ನೋಡಿದ್ದೆ ಕಣಪ್ಪ. ನೀನೊಬ್ಬನೇ ಸರಿಯಾಗಿ ನೋಡಿದ್ದು.”

ಅವನು ಉಳಿಗಳನ್ನು ಒಂದೊಂದಾಗಿ ತಡವಿ ಎತ್ತಿ ಪೆಟ್ಟಿಗೆಗೆ ಹಾಕಿದ. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಹೊಡೆದಿದ್ದರೂ ಸರಿಯಿತ್ತು.

“ನಡಿ ಇನ್ನ” ಅಂದ. “ನಿನ್ನ ಬಸ್ಸಿಗೆ ಹೊತ್ತಾಯ್ತು.”

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಅದು ಅವನಿಗೂ ಗೊತ್ತಿತ್ತು. ಬಾಗಿಲ ಪರದೆಯ ಹಿಂದಿನಿಂದ ಟೀ ಲೋಟದ ಸದ್ದು ಬಂತು, ಅವನು ಕೈಯೆತ್ತಿ ಬೇಡ ಅಂದ. ಅಷ್ಟು ವರ್ಷದಲ್ಲಿ ಆ ಮನೆಯಿಂದ ನಾನು ಟೀ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು.

ಎರಡು ತಿಂಗಳು ಹೋಗಲಿಲ್ಲ. ತೋಟದಲ್ಲಿ ಕೆಲಸವಿಲ್ಲದಿದ್ದರೂ ಕೆಲಸ ಹುಡುಕಿದೆ. ಹೆಂಡತಿ, “ಏನಾಯ್ತು, ಸಾಬರ ಜತೆ ಜಗಳವಾ?” ಅಂದಳು. ಜಗಳವಲ್ಲ, ಅದಕ್ಕಿಂತ ಹೆಚ್ಚಿನದು ಅಂತ ಹೇಳಿ ಅವಳಿಗೂ ಎಲ್ಲ ಹೇಳಿದೆ. “ಇಷ್ಟು ಹೇಳಾಕೆ ಮೂವತ್ತು ವರ್ಸ ಬೇಕಾಯ್ತಾ ನಿಂಗೆ?” ಅಂದಳು. ನಾನು ಗುದ್ದಲಿ ಹಿಡಿದು ಮತ್ತೆ ತೋಟಕ್ಕೆ ಹೋದೆ.

ಆಮೇಲೆ ಒಂದು ದಿನ ಕನಕಪುರದವನು ನಮ್ಮೂರಿಗೇ ಬಂದ. ಮಾಗಡಿಯಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹಿಡಿದು, ಬಿಸಿಲಲ್ಲಿ ನಡೆದು ಬಂದಿದ್ದ. ನೀರು ಕುಡಿದು, ಉಸ್ ಅಂತ ಕೂತ. “ಆಪರೇಷನ್ ಆಯ್ತು ಕಣ್ಲಾ. ಎರಡೂ ಕಣ್ಣು. ತಾನೇ ಹೋಗಿ ಹೆಸರು ಬರೆಸ್ಬುಟ್ಟ” ಅಂದ. ಆಮೇಲೆ ತಲೆ ಕೆರೆದುಕೊಂಡು, “ನಿನ್ನ ಬರಾಕೆ ಹೇಳವ್ನೆ. ಬರೋವಾಗ ಒಂದು ಸೀಮೆಸುಣ್ಣ ತಕ್ಕಂಬಾ ಅಂದ. ಯಾಕೆ ಅಂದ್ರೆ ಬಾಯಿ ಬುಡಾಕಿಲ್ಲ. ಏನ್ಲಾ ನಿಮ್ಮದು?” ಅಂತ ಕೇಳಿದ.

ಮಾಗಡಿ ಬಸ್ ಸ್ಟ್ಯಾಂಡಿನ ಪಕ್ಕದ ಪುಸ್ತಕದ ಅಂಗಡಿಯಲ್ಲಿ ಒಂದು ಸೀಮೆಸುಣ್ಣ ಕೇಳಿದೆ. ಒಂದು ಕೊಡುವುದಿಲ್ಲ, ಡಬ್ಬಿಯೇ ತಗೊಳ್ಳಿ ಅಂದ ಅಂಗಡಿಯವನು. ಡಬ್ಬಿ ಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಈ ವಯಸ್ಸಿನಲ್ಲಿ ಸ್ಕೂಲಿಗೆ ಹೊರಟ ಹಾಗಿತ್ತು, ಅಷ್ಟೇ ಹೆದರಿಕೆಯೂ ಇತ್ತು.

ಅವನು ದಪ್ಪ ಗಾಜಿನ ಹೊಸ ಕನ್ನಡಕ ಹಾಕಿಕೊಂಡು ಲೇತಿನ ಮುಂದಿದ್ದ. ನಾನು ಬಾಗಿಲಲ್ಲೇ ನಿಂತೆ. ಅವನು ತಿರುಗಲಿಲ್ಲ, ಕೈಯಲ್ಲಿದ್ದ ಪ್ಯಾದೆ ಮುಗಿಸಿದ. ಮುಗಿಸಿ ಹಲಗೆಯ ಮೇಲೆ ನಿಲ್ಲಿಸಿದ. ಅಲ್ಲಿ ಆಗಲೇ ಏಳು ನಿಂತಿದ್ದವು. ಎಂಟೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಮೊಳೆಯ ಕಡೆ ನೋಡಿದೆ. ಮೊಳೆ ಬರಿದಾಗಿತ್ತು.

“ಕೂತ್ಕೊ” ಅಂದ. ಹಡಗು ತೆಗೆದು ನನ್ನ ಮುಂದೆ ಇಟ್ಟ. ಮೂರನೇ ಹ್ಯಾಚಿನ ಮೂಲೆಯಿಂದ ಹೊರಟ ಗೀರನ್ನು ಅವನು ಮತ್ತೆ ಕೆತ್ತಿದ್ದ. ಮೇಲಿನಿಂದ ನೋಡಿದರೆ ಕೂದಲೆಳೆ. ಆದರೆ ಈ ಸಲ ಎರಡೂವರೆ ಗೇಣಿನ ಲೆಕ್ಕಕ್ಕೆ ಉದ್ದಕ್ಕೆ ಹೋಗಿತ್ತು. ಗುರುತು ಇರಲಿಲ್ಲ.

“ಹಾಕು” ಅಂದ.

ಡಬ್ಬಿ ತೆಗೆದೆ. ಒಂದು ಸೀಮೆಸುಣ್ಣ ಎಳೆದುಕೊಂಡೆ. “ಎಲ್ಲಿ ಹಾಕ್ಲಿ?” ಅಂದೆ.

“ಮೊದಲನೇ ದಿನ ಎಲ್ಲಿತ್ತೋ ಅಲ್ಲಿ.”

ಮೂಲೆಯಿಂದ ಒಂದು ಗೇಣಿನ ಲೆಕ್ಕಕ್ಕೆ ಅಳೆದು, ಅಡ್ಡಗೆರೆ ಎಳೆದೆ. ಸಣ್ಣ ಬಿಳಿ ಗೆರೆ. ಬಿರುಕು ಅದರ ಕೆಳಗೆ ಹಾದು ಬಹಳ ದೂರ ಮುಂದಕ್ಕೆ ಹೋಗಿತ್ತು. ಗೆಳೆಯ ಕನ್ನಡಕ ಸರಿಮಾಡಿಕೊಂಡು, ಬಾಗಿ, ಮುಖವನ್ನು ಡೆಕ್ಕಿನ ಹತ್ತಿರ ತಂದು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಮೇಟ್ ಸಾಹೇಬನ ಮುಂದೆ ನಿಂತು ಹೇಳಿದ್ದ ಅದೇ ಮಾತನ್ನು ಮೆಲ್ಲನೆಯ ದನಿಯಲ್ಲಿ ಹೇಳಿದ.

“ನಿಶಾನ್ ದಾಟೈತೆ.”

“ದಾಟೈತೆ ಕಣಪ್ಪ” ಅಂದೆ ನಾನು. “ದಾಟೈತೆ.”

ಅವನು ಪರದೆಯ ಕಡೆ ತಿರುಗಿ ಎರಡು ಟೀ ಹೇಳಿದ.